ಹಿಮದೂರಿನ ಉಪಚಾರ, ಮಿಡಿಗೇಶಿಯ ಅಕ್ಕ

ನಾನು ಹಿಮವನ್ನು ಕಂಡಿರುವುದು ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಆದರೂ ಈಚೆಗೆ ದಿನಾ ಮಧ್ಯಾಹ್ನ ಊಟವಾದ ಮೇಲೆ ಜಪಾನಿನಲ್ಲಿ ಸ್ಕೀಯಿಂಗ್ ಮಾಡುತ್ತೇನೆ. ಮಧುಗಿರಿಯ ಬಿಸಿಲಿಗೆ ಹೆದರಿ ಕಿಟಕಿ ಮುಚ್ಚಿ, ಚಾಪೆಯ ಮೇಲೆ ಅಡ್ಡಾಗಿ ಮೊಬೈಲು ಹಿಡಿದರೆ ಸಾಕು, ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡವರು ಬಿಳಿಯ ಇಳಿಜಾರಿನಲ್ಲಿ ಸದ್ದಿಲ್ಲದೆ ಜಾರುತ್ತಾರೆ. ಕಣ್ಣು ಎಳೆಯುವ ಹೊತ್ತಿಗೆ ಅವರ ನಡುವೆ ನಾನೂ ಇರುತ್ತೇನೆ. ನಮ್ಮ ಏಕಶಿಲಾ ಬೆಟ್ಟವೂ ಬೆಳ್ಳಗಾಗಿರುತ್ತದೆ. ಎಚ್ಚರದಲ್ಲಿ ಆ ಬೆಟ್ಟದ ಕಾಲುಭಾಗಕ್ಕೇ ಏದುಸಿರು ಬಿಟ್ಟು ಕೂತು ಬಂದವನು ನಾನು. ಕನಸಿನಲ್ಲಿ ಮಂಡಿ ನೋಯುವುದಿಲ್ಲ.

ನಿಜ ಹೇಳಬೇಕೆಂದರೆ ನನ್ನನ್ನು ಮರುಳು ಮಾಡಿದ್ದು ಜಾರಾಟವಲ್ಲ, ಜಾರಿ ದಣಿದು ಬಂದವರಿಗೆ ಅಲ್ಲಿನ ತಂಗುಮನೆಗಳಲ್ಲಿ ಸಿಗುವ ಉಪಚಾರ. ಬಿಸಿನೀರಿನ ಬುಗ್ಗೆಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತರೆ ತಲೆಯ ಮೇಲೆ ಮೆಲ್ಲಗೆ ಹಿಮ ಬೀಳುತ್ತಿರುತ್ತದೆ. ಎದ್ದು ಬಂದರೆ ಚಹಾ ಸಿದ್ಧ. ಬಲವಂತವೆಂಬುದಿಲ್ಲ; ಬೇಡವೆಂದರೆ ತಲೆಬಾಗಿ ಸುಮ್ಮನಾಗುತ್ತಾರೆ. ಅತಿಥಿ ಬಾಗಿಲಲ್ಲಿ ಬಿಟ್ಟ ಪಾದರಕ್ಷೆಯನ್ನು, ಹೊರಡುವಾಗ ಅನುಕೂಲವಾಗಲೆಂದು, ಹೊರಕ್ಕೆ ತಿರುಗಿಸಿಡುತ್ತಾರೆ. ಹೊರಟ ಬಸ್ಸು ಕಣ್ಮರೆಯಾಗುವವರೆಗೂ ಮನೆಯೊಡತಿ ಹಿಮದಲ್ಲೇ ನಿಂತು ಕೈಬೀಸುತ್ತಾಳೆ. ಅದನ್ನು ನೋಡಿ ನನ್ನ ಕಣ್ಣು ಒದ್ದೆಯಾಯಿತು.

ಒದ್ದೆಯಾಗಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಮಿಡಿಗೇಶಿಯಿಂದ ಅಕ್ಕ ಬಂದಳು. ತಾಯಿಯಿಲ್ಲದ ನನ್ನನ್ನು ಎತ್ತಿ ಆಡಿಸಿದವಳು. ಮೊದಲ ಜಪಾನಿ ಉಪಚಾರ ಅವಳಿಗೇ ಸಲ್ಲಲಿ ಎಂದುಕೊಂಡೆ. ಹೆಂಡತಿ ತವರಿಗೆ ಹೋಗಿದ್ದಳು, ತಡೆಯುವವರಿರಲಿಲ್ಲ. ಅಕ್ಕ ಒಳಗೆ ಬಂದದ್ದೇ ಅವಳ ಚಪ್ಪಲಿಯನ್ನು ಬೀದಿಯ ಕಡೆ ತಿರುಗಿಸಿಟ್ಟೆ. ಊಟಕ್ಕೆ ಕೂತವಳು ಎರಡನೇ ಮುದ್ದೆಗೆ "ಬ್ಯಾಡ ಕಣ್ಲಾ" ಅಂದಳು. ತಲೆಬಾಗಿ ಮುದ್ದೆಯ ಪಾತ್ರೆಯನ್ನು ಒಳಗೆ ಒಯ್ದೆ. ನಮ್ಮ ಕಡೆ ಬೇಡ ಎಂಬ ಮಾತಿಗೆ ಮೂರನೇ ಸಲಕ್ಕಷ್ಟೇ ಬೆಲೆ ಎನ್ನುವುದನ್ನು ಐವತ್ತೆಂಟು ವರ್ಷದ ನಾನು ಮರೆತಿದ್ದೆ.

ಅಕ್ಕ ಕೈತೊಳೆದು ಹೊಸಿಲಿಗೆ ಬಂದು ಚಪ್ಪಲಿ ನೋಡಿದಳು.

"ಹೊಟ್ಟೆ ತುಂಬ್ತಾ ಅಂತ ಇನ್ನೊಂದ್ಸಲ ಕೇಳ್ಲಿಲ್ಲ. ಚಪ್ಲೀನೂ ತಿರುಗ್ಸಿ ಮಡಗಿದ್ದೀಯ. ಓಗು ಅಂತ ಬಾಯಲ್ಲೇ ಯೋಳ್ಬೋದಿತ್ತು ಕಣ್ಲಾ," ಅಂದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ಆಮೇಲೆ ಅವಳು ಫೋನು ಎತ್ತಲಿಲ್ಲ. ಎರಡು ವಾರ ನನಗೆ ಯಾವ ಹಿಮವೂ ರುಚಿಸಲಿಲ್ಲ. ಅಕ್ಕನನ್ನು ಕಳೆದುಕೊಂಡೆನೇನೋ ಎಂದು ಭಯವಾಯಿತು.

ಕೊನೆಗೆ ನಾನೇ ಮಿಡಿಗೇಶಿಗೆ ಹೋದೆ. ಅಕ್ಕ ಮುಖ ತಿರುಗಿಸಿಕೊಂಡೇ ತಟ್ಟೆ ಇಟ್ಟಳು. ನಾನು ಮೊಬೈಲು ತೆಗೆದು ಹಿಮ, ಬುಗ್ಗೆ, ತಿರುಗಿಸಿಟ್ಟ ಪಾದರಕ್ಷೆ, ಕೈಬೀಸುವ ಹೆಂಗಸು ಎಲ್ಲವನ್ನೂ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಪಾಪ, ಆ ಚಳೀಲಿ ಅಂಗೇ ನಿಂತವ್ಳಲ್ಲ," ಅಂದಳು. ನಾನು ಮೂರು ಸಲ ಬೇಡವೆಂದರೂ ಕೇಳದೆ ಮುದ್ದೆ ಇಕ್ಕಿದಳು.

ಇಳಿಹೊತ್ತಿಗೆ ಬಸ್ಸು ಹತ್ತಿಸಲು ಬಂದಳು. "ಅಕ್ಕ, ಒಂದ್ಸಲ ನಾವಿಬ್ರೂ ಅಲ್ಲಿಗೆ ಹೋಗಿ ಬರನ?" ಅಂದೆ.

"ಬ್ಯಾಡ ಕಣ್ಲಾ."

ಬಸ್ಸಿನ ಮೆಟ್ಟಿಲ ಮೇಲೆ ನಿಂತು ಮತ್ತೆ ಕೇಳಿದೆ.

"ಬ್ಯಾಡ. ಈ ವಯಸ್ನಾಗೆ ಜಾರೋದೊಂದು ಬಾಕಿ ಇತ್ತು."

ಬಸ್ಸು ಹೊರಟಿತು. ಕಿಟಕಿಯಿಂದ ಹಿಂತಿರುಗಿ ನೋಡಿದೆ. ಮಿಡಿಗೇಶಿ ಬೆಟ್ಟದ ಕೋಟೆಯ ಬಂಡೆ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಕೆಳಗೆ ಅಕ್ಕ ತಲೆಗೆ ಸೆರಗು ಹೊದ್ದು ನಿಂತು ಕೈಬೀಸುತ್ತಿದ್ದಳು. ಇಷ್ಟು ವರ್ಷವೂ ಹೀಗೇ ನಿಂತಿದ್ದಳೇನೋ, ಸೀಟು ಹಿಡಿಯುವ ಆತುರದಲ್ಲಿ ನಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ತಲೆ ಹೊರಗೆ ಹಾಕಿ ಮೂರನೇ ಸಲ ಕೂಗಿ ಕೇಳಿದೆ.

ಅವಳು ನಾಲ್ಕು ಹೆಜ್ಜೆ ಬಸ್ಸಿನ ಹಿಂದೆ ಬಂದಳು. "ಸ್ವೆಟ್ರು ಒಂದ್ ಸಾಕೇನ್ಲಾ?"