ಕೋಪನ್‌ಹೇಗನ್ನಿಗೆ ಕಡೆಯ ಬಾಕ್ಸು

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಎಲೆಗೆ ಚುಕ್ಕೆ ಬಿದ್ದರೆ ಅಧಿಕಾರಿಗಳನ್ನು ಹುಡುಕಿಕೊಂಡು ಹೋಗುವುದಿಲ್ಲ. ಎಲೆಯನ್ನೇ ಹರಿದುಕೊಂಡು ಔಷಧಿ ಅಂಗಡಿಗೆ ಬರುತ್ತಾರೆ. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ನೋಡಿ ಏನು ಕೊಡುತ್ತಾನೋ ಅದನ್ನೇ ಕೊಂಡುಹೋಗಿ ಹೊಡೆಯುತ್ತಾರೆ. ಭೀಮಾಶಂಕರ ಹೀಗೆ ಎಲೆ ನೋಡುತ್ತಲೇ ಅರ್ಧ ಆಯುಷ್ಯ ಕಳೆದವನು. ರೋಗವಿಲ್ಲದಿದ್ದರೆ ಗಿರಾಕಿಯನ್ನು ಬರಿಗೈಯಲ್ಲಿ ಮನೆಗೆ ಕಳಿಸುವ ಹುಚ್ಚು ವ್ಯಾಪಾರಿ ಎಂದೇ ಅವನಿಗೆ ಹೆಸರು. ಆ ಹೆಸರಿಗಾಗಿಯೇ ಜೈನಾಪುರದ ಅಕ್ಕನಾಗಮ್ಮ ಬಬಲೇಶ್ವರದ ಅಂಗಡಿಗಳನ್ನೆಲ್ಲ ದಾಟಿ, ಬಸ್ಸು ಬದಲಿಸಿ ಇಲ್ಲಿಗೆ ಬರುತ್ತಿದ್ದಳು.

ಹೋದ ಚಳಿಗಾಲದಲ್ಲಿ ಒಂದು ಕಂಪನಿ ಅವನಿಗೆ ಆಸೆ ಹಚ್ಚಿತು. ಗೊತ್ತುಮಾಡಿದಷ್ಟು ಔಷಧಿ ಮಾರಿದರೆ ಗಂಡ ಹೆಂಡತಿ ಇಬ್ಬರಿಗೂ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಪ್ರವಾಸ. ಹೆಂಡತಿ ಆರತಿ ಮದುವೆಯಾದಾಗಿನಿಂದ ಅಂಗಡಿ ಹಿಂದಿನ ಔಷಧಿ ವಾಸನೆಯಲ್ಲೇ ಬಾಳಿದವಳು, ಸಮುದ್ರವನ್ನು ಕಣ್ಣಾರೆ ಕಂಡವಳಲ್ಲ. ಗಡುವಿನ ಕಡೆಯ ದಿನ ಒಂದೇ ಒಂದು ಬಾಕ್ಸು ಮಾರುವುದು ಉಳಿದಿತ್ತು. ಅವತ್ತೇ ಅಕ್ಕನಾಗಮ್ಮ ಹಳದಿಯಾದ ಎಲೆ ತಂದು, ಇದಕ್ಕೇನಾಗಿದೆ ಎಂದು ಕೇಳಿದಳು. ಕಾಯಿ ಸಿಹಿಯಾಗುವ ಹೊತ್ತಿಗೆ ಬುಡದ ಮುದಿ ಎಲೆ ಹಳದಿಯಾಗುವುದು ಸಹಜ, ಅದು ರೋಗವಲ್ಲ. ಅದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಇವತ್ತೇ ಹೊಡೆಯಬೇಕು, ತಡಮಾಡಿದರೆ ತೋಟ ಕೈಬಿಡುತ್ತದೆ ಎಂದುಬಿಟ್ಟ. ಪಾಪ, ಅವಳು ಬಾಕ್ಸನ್ನು ತಲೆಯ ಮೇಲೆ ಹೊತ್ತು ಬಸ್ಸಿಗೆ ಓಡಿದಳು.

ಪ್ರವಾಸ ಗಟ್ಟಿಯಾಯಿತು. ಆರತಿ ವಿಜಯಪುರಕ್ಕೆ ಹೋಗಿ ಬೇಸಿಗೆಯಲ್ಲೇ ಸ್ವೆಟರ್ ತಂದಳು, ಕಡಕ್ ರೊಟ್ಟಿ ಎಷ್ಟು ಕಟ್ಟಿಕೊಳ್ಳಬೇಕೆಂದು ಲೆಕ್ಕ ಹಾಕಿದಳು. ಊಟಕ್ಕೆ ಕೂತಾಗ ಮೊಬೈಲಿನಲ್ಲಿ ಆ ಊರು ತೋರಿಸುವಳು: ನೀರಿನ ಅಂಚಿಗೇ ಬಣ್ಣಬಣ್ಣದ ಮನೆ, ನಡು ಊರಲ್ಲೇ ಸಮುದ್ರಕ್ಕೆ ಹಾರಿ ಈಜುವ ಜನ. ಅವಳು ನಕ್ಕಷ್ಟೂ ಇವನು ತಟ್ಟೆಯ ಕಡೆ ತಲೆ ಬಗ್ಗಿಸುತ್ತಿದ್ದ. ನಂಬಿ ಬಂದ ಅಕ್ಕನಾಗಮ್ಮನಿಗೆ ಸುಳ್ಳು ಹೇಳಿದೆ ಎಂಬ ನಾಚಿಕೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಹೆಂಡತಿಗೆ ಹೇಳಿದರೆ ಅವಳ ಸಂತೋಷ ಹೋಗುತ್ತದೆ, ಅಕ್ಕನಾಗಮ್ಮನಿಗೆ ಹೇಳಿದರೆ ತನ್ನ ಹೆಸರು ಹೋಗುತ್ತದೆ. ಹಾಗಾಗಿ ಯಾರಿಗೂ ಹೇಳದೆ ವೀಸಾಕ್ಕೆ ಫೋಟೋ ತೆಗೆಸಿಕೊಂಡ. ಫೋಟೋದಲ್ಲಿ ಮುಖ ಹುಳ್ಳಗಿತ್ತು.

ಹೊರಡುವ ದಿನ ಹತ್ತಿರವಾದಾಗ, ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ಅಕ್ಕನಾಗಮ್ಮ ಬಂದಳು. ಪ್ರವಾಸದ ಸುದ್ದಿ ಅವಳಿಗೂ ಮುಟ್ಟಿತ್ತು. ತನ್ನ ತೋಟದ್ದೇ ಒಣದ್ರಾಕ್ಷಿಯ ಚೀಲವನ್ನು ಟೇಬಲ್ ಮೇಲಿಟ್ಟು ಹೇಳಿದಳು: "ನಿನ್ನ ಔಷಧಿಲೆ ತ್ವಾಟ ಉಳೀತು ಯಪ್ಪಾ. ದಾರ್‍ಯಾಗ ತಿನ್ರಿ ಇಬ್ಬರೂ."

ಇನ್ನು ತಡೆಯುವುದು ಅವನಿಂದ ಆಗಲಿಲ್ಲ. ರೋಗವಿರಲಿಲ್ಲವೆಂದೂ, ಪ್ರವಾಸದ ಆಸೆಗೆ ಬಾಕ್ಸು ಹೊರಿಸಿದ್ದೆನೆಂದೂ ತಲೆ ತಗ್ಗಿಸಿ ಹೇಳಿದ. ಬೈದುಬಿಟ್ಟರೆ ಸಾಕೆಂದು ಕಾದ. ಅವಳು ಬೈಯಲಿಲ್ಲ.

"ನಾ ಅವತ್ತ ಔಷಧಿ ಕೇಳಿದ್ದಿಲ್ಲೋ. ಏನಾಗೇತಿ ಅಂತ ಕೇಳಿದ್ದೆ."

ಆಮೇಲೆ, ಈ ಸಲ ತೋರಿಸಲೆಂದು ತಂದಿದ್ದ ಹೊಸ ಚಿಗುರಿನ ಎಲೆಯನ್ನು ಸೆರಗಿನಿಂದ ಬಿಚ್ಚಿ ಮುಂದೆ ಹಿಡಿದಳು. ಎಲೆಯ ಕೆಳಗೆ ಬಿಳಿ ಬೂಷ್ಟು. ಭೀಮಾಶಂಕರ ಬಗ್ಗಿ ನೋಡಿದ. ಇದು ಖರೇ ಡೌನಿ ರೋಗ; ಇಂಥ ಹಸಿ ಹವೆಯಲ್ಲಿ ನೋಡುನೋಡುತ್ತಲೇ ತೋಟವನ್ನೆಲ್ಲ ಹಿಡಿಯುತ್ತದೆ. ಅವಸರದಿಂದ ಬಾಟಲಿ ತೆಗೆದು ಅವಳ ಕೈಗೆ ಹಿಡಿಸಲು ಹೋದ.

"ಯಕ್ಕಾ, ಇವತ್ತ ಹೊಡಿಬೇಕ್ರಿ. ತಡಾ ಮಾಡಬ್ಯಾಡ್ರಿ. ರೊಕ್ಕ ಬ್ಯಾಡ್ರಿ."

"ಅವತ್ತೂ ಹಿಂಗ ಅಂದಿದ್ದಿ."

ದೇವರಾಣೆ ಇಟ್ಟು ಹೇಳಿದ, ಕೈ ಮುಗಿದ. ಅವಳು ಎಲೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಬಬಲೇಶ್ವರದಲ್ಲಿ ಯಾರಿಗಾದರೂ ತೋರಿಸಿ ನೋಡುತ್ತೇನೆ ಎಂದು ಎಲೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಬಸ್ಸಿಗೆ ನಡೆದಳು. ಅವನು ಬಾಟಲಿ ಹಿಡಿದುಕೊಂಡೇ ಮಳೆಯಲ್ಲಿ ಹಿಂದೆ ಓಡಿದ, ಬಸ್ಸಿನ ಕಿಟಕಿಗೆ ಕೈ ಚಾಚಿ ಬೇಡಿಕೊಂಡ. ಅವಳು ಕಿಟಕಿಯಿಂದ ಅವನನ್ನು ನೋಡಿದಳು, ಆದರೆ ಕೈ ಮುಂದೆ ಮಾಡಲಿಲ್ಲ.