ಬಾಗಿಲಲ್ಲಿ ನಿಂತು ಕೂಗುವ ಹೆಸರು

ಗದಗಿನ ಆ ತರಬೇತಿಗೆ ನಾನು ಮನಸ್ಸಿಟ್ಟು ಹೋದವನಲ್ಲ. ಮಕ್ಕಳ ಮತ್ತು ಕುಟುಂಬದ ಪ್ರಕರಣ ನಡೆಸುವ ನ್ಯಾಯಾಧೀಶರು, ವಕೀಲರು ಎಲ್ಲರೂ ಬರಬೇಕೆಂದು ತಿಳಿಸಿದ್ದರು, ಹೋದೆ. ಮಕ್ಕಳ ಜೊತೆ ಮಾತಾಡುವುದನ್ನು ಕಲಿಸಲು ಧಾರವಾಡದಿಂದ ಬಂದಿದ್ದ ಮೇಡಂ, ಊಟವಾದ ಮೇಲೆ ನನ್ನನ್ನು ಎಬ್ಬಿಸಿದರು.

"ವಕೀಲ್ರ, ನೀವೀಗ ಎಂಟು ವರ್ಷದ ಹುಡುಗಿ. ಹೊರಗ ಹೋಗಿ ನಿಂದರ್ರಿ. ಕರದಾಗ ಬರ್ರಿ."

"ಮೀಸಿ ಬೋಳಿಸ್ಕೊಂಡು ಬರಾಕ ಹೇಳ್ರಿ ಮೇಡಂ" ಎಂದರು ಹಿರಿಯ ವಕೀಲರೊಬ್ಬರು. ಎಲ್ಲರೂ ನಕ್ಕರು. ನಾನೂ ನಗುತ್ತಲೇ ಹೊರಗೆ ಹೋದೆ.

ನಮ್ಮ ಕೋರ್ಟುಗಳಲ್ಲಿ ಸರದಿ ಬಂದಾಗ ಜವಾನ ಬಾಗಿಲಿಗೆ ಬಂದು ಹೆಸರನ್ನು ಮೂರು ಸಲ ಕೂಗುತ್ತಾನೆ. ಕಳ್ಳನಿಗೂ ಅದೇ ಕೂಗು, ಸಾಕ್ಷಿಗೂ ಅದೇ, ಮಗುವಿಗೂ ಅದೇ. ಅವತ್ತು ಕೂಗಿದ್ದು ನನ್ನ ಹೆಸರನ್ನು. ಒಳಗೆ ಬಂದೆ. ಎಲ್ಲರೂ ತಿರುಗಿ ನೋಡುತ್ತಿದ್ದರು. ಎಡಕ್ಕೊಬ್ಬ ಅಪ್ಪ, ಬಲಕ್ಕೊಬ್ಬಳು ಅವ್ವ. ಇಬ್ಬರೂ ನಮ್ಮ ವಕೀಲರೇ. ಎತ್ತರದ ಕುರ್ಚಿಯಿಂದ ಪ್ರಶ್ನೆ ಬಂತು: "ಯಾರ ಜೋಡಿ ಇರತಿ, ಹೇಳು."

ಆಟವೆಂದು ಗೊತ್ತಿತ್ತು. ಆದರೂ ಬಾಯಿ ಒಣಗಿತು. ಒಬ್ಬರನ್ನು ಹೇಳಿದರೆ ಆಮೇಲೆ ಇನ್ನೊಬ್ಬರ ಮುಖ ನೋಡಬೇಕಲ್ಲ ಎಂಬುದಷ್ಟೇ ತಲೆಯಲ್ಲಿತ್ತು. ನಾನು ಹೇಳಲಿಲ್ಲ. ಈ ಸಲ ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಮ್ಮ ಕೋರ್ಟಿನ ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು.

ಕೆಲವು ವಾರಗಳ ನಂತರ ಅವರ ಮುಂದೆಯೇ ನನ್ನ ಪ್ರಕರಣವೊಂದು ಬಂತು. ನನ್ನ ಕಕ್ಷಿದಾರ ಅಡರಕಟ್ಟಿಯ ರೈತ. ಹೆಂಡತಿ ಬೇರೆಯಾಗಿ ಲಕ್ಷ್ಮೇಶ್ವರದಲ್ಲಿ ಹೊಲಿಗೆ ಮಾಡಿಕೊಂಡಿದ್ದಳು. ಮಗಳು ಕೆಲವು ದಿನ ಅಲ್ಲಿ, ಕೆಲವು ದಿನ ಇಲ್ಲಿ. ಮಗಳು ಯಾರ ಬಳಿ ಇರಬೇಕೆಂದು ಆ ದಿನ ಮಗಳನ್ನೇ ಕೇಳುವುದಿತ್ತು. ವರಾಂಡದಲ್ಲಿ ಅಪ್ಪನ ತಾಯಿ ಅವಳ ಕಿವಿಯಲ್ಲಿ ಹೇಳುತ್ತಿದ್ದಳು: "ಅಪ್ಪ ಅನಬೇಕು ನೋಡವ್ವ. ಜೋರಾಗಿ ಅನಬೇಕು."

ಅಪ್ಪ ನನ್ನನ್ನು ಪಕ್ಕಕ್ಕೆ ಕರೆದ. "ಸಾಹೇಬ್ರ, ಆಕಿ ಅವ್ವ ಅಂದ್ಲಂದ್ರ ನನಗ ಮಗಳ ಇಲ್ಲದಂಗ ಆತಲ್ರಿ?"

ಅವನನ್ನು ಬೆಂಚಿನ ಮೇಲೆ ಕೂರಿಸಿದೆ.

ಸರದಿ ಬಂತು. ಹುಡುಗಿ ಬಾಗಿಲನ್ನೇ ನೋಡುತ್ತ ಅಜ್ಜಿಯ ಸೆರಗು ಹಿಡಿದಳು. ಕೂಗು ಬರಲಿಲ್ಲ. ನ್ಯಾಯಾಧೀಶೆಯೇ ಹೊರಗೆ ಬಂದರು.

"ಬಾರವ್ವಾ, ನನ್ನ ಖೋಲಿ ನೋಡೂವಂತಿ." ಆಮೇಲೆ ಎರಡೂ ಕಡೆಯ ವಕೀಲರಾದ ನಮಗೆ, "ಕರೀ ಕೋಟು ಹೊರಗ ಬಿಚ್ಚಿಟ್ಟು ಬರ್ರಿ. ಒಳಗ ಮಾತಾಡಬ್ಯಾಡ್ರಿ."

ಯಾರ ಜೊತೆ ಇರುತ್ತೀ ಎಂದು ಅವರು ಕೇಳಲೇ ಇಲ್ಲ. ಮುಂಜಾನೆ ಯಾರು ಎಬ್ಬಿಸುತ್ತಾರೆ, ಶಾಲೆಗೆ ಹೇಗೆ ಹೋಗುತ್ತೀ, ಜಡೆ ಯಾರು ಹಾಕುತ್ತಾರೆ ಎಂದು ಕೇಳಿದರು.

"ಅವ್ವ. ಅಪ್ಪನೂ ಹಾಕತಾನ್ರಿ, ಆದ್ರ ಸಡ್ಲ. ಶಾಲಿ ಮುಟ್ಟೂದ್ರಾಗ ಬಿಚ್ಚತೈತಿ." ಬಾಗಿಲ ಕಡೆ ನೋಡಿ ದನಿ ಇಳಿಸಿದಳು, "ಅಪ್ಪಗ ಹೇಳಬ್ಯಾಡ್ರಿ. ಅಂವಗ ಚಲೋ ಬರತೈತಿ ಅಂತ ಹೇಳೀನಿ."

ಹೊರಗೆ ಬಂದಾಗ ಅಪ್ಪ ಕಾಯುತ್ತಿದ್ದ. "ಏನಂದ್ಲರಿ ಒಳಗ?"

"ನಿನ್ನ ಬಗ್ಗೆ ಕಾಳಜಿ ಐತಪಾ ಆಕಿಗೆ" ಎಂದೆ. ಜಡೆಯ ಮಾತು ಎತ್ತಲಿಲ್ಲ.

ಆದೇಶ ಅಂದೇ ಆಗಲಿಲ್ಲ. ನ್ಯಾಯಾಧೀಶೆ ಗಂಡ ಹೆಂಡತಿಯನ್ನು ಮತ್ತೆ ಮತ್ತೆ ಕರೆಸಿ, ಕೂರಿಸಿ ಮಾತಾಡಿ ಒಪ್ಪಿಸಿದರು. ಶಾಲೆಯ ದಿನಗಳು ಅವ್ವನ ಬಳಿ. ಶನಿವಾರ ಶಾಲೆ ಬಿಟ್ಟ ಮೇಲೆ ಅಡರಕಟ್ಟಿ. ಸೋಮವಾರ ಮುಂಜಾನೆ ಅಪ್ಪನೇ ಅವಳನ್ನು ತಯಾರು ಮಾಡಿ ಶಾಲೆಗೆ ಬಿಡಬೇಕು.

ಎಲ್ಲ ಕಡೆ ಹೀಗೇ ಆಗಿದೆ ಎನ್ನಲಾರೆ. ಮಗುವಿನ ಹೆಸರನ್ನು ಬಾಗಿಲಲ್ಲಿ ಕೂಗುವುದು ಈಗಲೂ ಆಗಾಗ ಕೇಳಿಸುತ್ತದೆ. ನನ್ನ ಬಾಯಿ ಒಣಗುತ್ತದೆ. ಆದರೆ ಮೊನ್ನೆ ಸೋಮವಾರ ಲಕ್ಷ್ಮೇಶ್ವರದಲ್ಲಿ ಬಸ್ಸಿಳಿದಾಗ ಆ ಅಪ್ಪ, ಮಗಳು ನನ್ನ ಮುಂದೆ ನಡೆದು ಹೋಗುತ್ತಿದ್ದರು. ಅವಳ ಚೀಲ ಅವನ ಹೆಗಲಲ್ಲಿತ್ತು. ಒಂದು ಜಡೆ ಆಗಲೇ ಬಿಚ್ಚಿಹೋಗಿತ್ತು. ಅದರ ರಿಬ್ಬನ್ನನ್ನು ಅವಳು ಅವನಿಗೆ ಕಾಣದಂತೆ ಮುಷ್ಟಿಯಲ್ಲಿ ಹಿಡಿದಿದ್ದಳು.