ಹಾಂಗ್‌ಕಾಂಗಿನಲ್ಲಿ ಹೊತ್ತು ಮುಳುಗಿದ್ದು

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಅವ್ವ ಒಂದು ತುತ್ತೂ ಬಾಯಿಗಿಡುವುದಿಲ್ಲ. ನಮ್ಮೂರು ಶೇಡಬಾಳದಲ್ಲಿ ಅದೇನು ಕಷ್ಟವಲ್ಲ. ಕಬ್ಬಿನ ಹೊಲದಾಚೆ ಸೂರ್ಯ ಎಲ್ಲರ ಕಣ್ಣೆದುರೇ ಇಳಿಯುತ್ತಾನೆ. ಹಾಂಗ್‌ಕಾಂಗಿನಲ್ಲಿ ಅವನನ್ನು ಎಲ್ಲಿ ಹುಡುಕುವುದು?

ಪ್ರವಾಸದ ಗೈಡ್ ನಮ್ಮನ್ನು ಬಂದರಿನಲ್ಲಿ ಬಸ್ಸಿನಿಂದ ಇಳಿಸಿ, ದೋಣಿ ಬರುವವರೆಗೆ ಸುತ್ತಾಡಿ ಅಂದ. ಎಲ್ಲಿ ನೋಡಿದರೂ ಜನ. ಕೂತು ಉಣ್ಣಲು ಒಂದು ಕಟ್ಟೆ ಸಿಗುವಷ್ಟರಲ್ಲಿ ಸೂರ್ಯ ಯಾವುದೋ ಎತ್ತರದ ಕಟ್ಟಡದ ಹಿಂದೆ ಸರಿದುಬಿಟ್ಟ. ಅವ್ವ ಬಿಚ್ಚಿದ್ದ ಚಪಾತಿ ಗಂಟನ್ನು ಮತ್ತೆ ಕಟ್ಟಿದಳು.

“ಇನ್ನೂ ಮುಳುಗಿಲ್ಲ ಬೇ, ಬಿಲ್ಡಿಂಗ್ ಹಿಂದ ಅದಾನ,” ಅಂದೆ.

“ನನ್ನ ಕಣ್ಣಿಗಿ ಕಾಣಂಗಿಲ್ಲ.”

ಮೊಬೈಲಿನಲ್ಲಿ ಸೂರ್ಯಾಸ್ತದ ವೇಳೆ ತೋರಿಸಿದೆ. ತಿರುಗಿಯೂ ನೋಡಲಿಲ್ಲ. ಬೆಳಿಗ್ಗೆಯಿಂದ ಬರೀ ಬಾಳೆಹಣ್ಣಿನ ಮೇಲಿದ್ದಾಳೆ! ಉಳಿದವರೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದ ಆ ಕಟ್ಟಡಗಳ ಮೇಲೇ ನನಗೆ ಸಿಟ್ಟು ಬಂತು.

ದೋಣಿಯಲ್ಲಿ ತಿಂಡಿ ಬಿಡುವುದಿಲ್ಲವೆಂದು ಗೈಡ್ ಗಂಟನ್ನು ಬಸ್ಸಿನಲ್ಲೇ ಇಡಿಸಿದ.

ನಡುನೀರಿಗೆ ಬಂದೆವು. ಎರಡು ಕಟ್ಟಡಗಳ ಸಂದಿಯಲ್ಲಿ ಸೂರ್ಯ ಮತ್ತೆ ಕಾಣಿಸಿದ, ಪೂರ್ತಿ ದುಂಡಗೆ, ಕೆಂಪಗೆ. ಎಲ್ಲರೂ ಫೋಟೊ ತೆಗೆಯಲು ಎದ್ದು ನಿಂತರು. ಅವ್ವ ಕೂತೇ ಇದ್ದಳು. ಕಣ್ಣು ಸೂರ್ಯನ ಮೇಲಿತ್ತು, ಕೈ ಖಾಲಿ ಮಡಿಲಲ್ಲಿ ಗಂಟನ್ನು ತಡಕಾಡುತ್ತಿತ್ತು.